ಮಾರಿಸೋಲ್ ಯಾರ ಹೆಸರು ಹೇಳಬೇಕು?

ಧಾರಾವಾಹಿ ನಿಂತರೆ ಅದರ ಪಾತ್ರಗಳು ನೋಡುಗರ ಮನೆಗೆ ಬಂದು ಇರುವುದು ಈಗ ವಾಡಿಕೆ. ಹುಬ್ಬಳ್ಳಿಯ ಪ್ರಫುಲ್ಲಾಳ ಮನೆಗೆ ಮೆಕ್ಸಿಕೋದ ಮಾರಿಸೋಲ್ ಬಂದಿದ್ದಳು. ಅವಳ ತುಟಿ ಸ್ಪ್ಯಾನಿಷ್ ಆಡುತ್ತಿತ್ತು, ಡಬ್ಬಿಂಗಿನ ಕನ್ನಡ ತುಸು ತಡವಾಗಿ ಕೇಳುತ್ತಿತ್ತು.

ಅಂದು ತಿಂಡಿಯ ಹೊತ್ತಿಗೆ ಚಾನೆಲ್‌ನಿಂದ ಫೋನ್ ಬಂತು. ಧಾರಾವಾಹಿ ಮತ್ತೆ ಶುರುವಾಗುತ್ತದೆ. ಆದರೆ ಮಾರಿಸೋಲ್ ಕತೆಯಲ್ಲಿ ತಾನು ಪ್ರೀತಿಸಿದ್ದ ಡಿಯೇಗೊ ಎಂಬವನು, ಲೂಸಿಯಾ ಎಂಬವಳು ಇಬ್ಬರಲ್ಲಿ ಒಬ್ಬರ ಹೆಸರು ಹೇಳಬೇಕು, ಇನ್ನೊಂದು ಪ್ರೀತಿ ಸುಳ್ಳೆಂದು ಒಪ್ಪಬೇಕು.

“ಅವನನ್ನು ಪ್ರೀತಿಸಿದ್ದು ನಿಜ, ಅವಳನ್ನು ಪ್ರೀತಿಸಿದ್ದೂ ನಿಜ. ಯಾವುದನ್ನು ಸುಳ್ಳೆನ್ನಲಿ?” ಮಾರಿಸೋಲ್ ಗೊಂದಲದಿಂದ ಪ್ರಫುಲ್ಲಾಳನ್ನು ಕೇಳಿದಳು.

“ಯಾವ್ದೂ ಸುಳ್ಳಲ್ಲ ಅಂತ ಹೇಳವ್ವಾ. ನಾನೂ ಹಾಸ್ಟೆಲ್‌ನ್ಯಾಗ ಶಮೀಮ್ ಅನ್ನೋ ಹುಡುಗೀನ ಪ್ರೀತಿಸಿದ್ದೆ. ಆಮ್ಯಾಗ ನಮ್ಮ ಮನಿಯವ್ರನ್ನ. ಎರಡೂ ಖರೇನ.”

ಮಾರಿಸೋಲ್ ಫೋನಿನಲ್ಲಿ “ಇಬ್ಬರೂ” ಎಂದು ಹೇಳಿ ಇಟ್ಟುಬಿಟ್ಟಳು. ಶಮೀಮಳ ವಿಷಯ ಪ್ರಫುಲ್ಲಾ ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅಡುಗೆಮನೆಯಲ್ಲಿ ದೋಸೆ ಹುಯ್ಯುತ್ತಿದ್ದ ಗಂಡ ಗುರುಪಾದ ಒಲೆ ಆರಿಸಿ ಹೊರಗೆ ಬಂದ. ಒಮ್ಮೆ ಹೆಂಡತಿಯನ್ನೂ ಒಮ್ಮೆ ಮಾರಿಸೋಲಳನ್ನೂ ನೋಡಿದ.

“ಧಾರಾವಾಹಿ ಕತಿ ಹೇಳಾಕತ್ತಿದ್ಯೋ, ನಿನ್ನ ಕತಿನೋ?”

“ನಂದು.”

ಗುರುಪಾದ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕುಳಿತ.

“ನನಗೇನೂ ತಿಳೀವಲ್ದು. ಮೊದಲಿಂದ ಹೇಳು,” ಎಂದ.