ನೀಲವ್ವನ ನೆರಳು

ನೇಕಾರರ ಓಣಿ ಕೆಡವಿ ಎಲ್ಲರನ್ನೂ ಹೊಸ ಕಟ್ಟಡದ ಎಂಟನೇ ಮಹಡಿಗೆ ಕಳುಹಿಸಲು ನೀಲವ್ವನ ನೆರಳು ಒಪ್ಪಿಬಿಟ್ಟಿತ್ತು. ಕುಣಿಯೊಳಗೆ ಕಾಲಿಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ನೆಲ ಅಗೆಯಬೇಕು. ಎಂಟನೇ ಮಹಡಿಯಲ್ಲಿ ಅಗೆದರೆ ಸಿಗುವುದು ಏಳನೇ ಮಹಡಿಯವರ ಅಡುಗೆಮನೆ.

ಈಗೀಗ ಸರ್ಕಾರ ಯಾವ ಯೋಜನೆಗೂ ಮೊದಲು ನೆರಳುಗಳನ್ನೇ ಕೇಳುತ್ತದೆ. ಸಮೀಕ್ಷೆಯಲ್ಲಿ ಜನ ಕೊಟ್ಟ ಉತ್ತರಗಳಿಂದ ಕಟ್ಟಿದ, ಪರದೆಯ ಮೇಲೆ ಮಾತಾಡುವ ನೆರಳುಗಳು ಅವು.

ನೀಲವ್ವ ನೆಟ್ಟಗೆ ಸಮೀಕ್ಷೆಯ ಕಚೇರಿಗೇ ಹೋದಳು. ಸಮಾಜಶಾಸ್ತ್ರಜ್ಞೆ ವೃಂದಾ ಕಟ್ಟಿ ಪರದೆಯನ್ನು ಅವಳ ಕಡೆ ತಿರುಗಿಸಿದಳು. ಅದರಲ್ಲಿ ನೀಲವ್ವನದೇ ಮುಖ, "ಹೂಂರಿ, ಹಂಗ ಮಾಡ್ರಿ" ಎಂದು ನಗುತ್ತಿತ್ತು.

"ನೋಡ್ರಿ ಅಮ್ಮಾರ, ಎಲ್ಲಾದಕ್ಕೂ ಹೂಂ ಅಂದೀರಿ."

"ನಿಮ್ಮ ಹುಡುಗಿ ಉರಿಬಿಸಿಲಾಗ ಪ್ರಶ್ನೆ ಕೇಳಾಕ ಬಂದಿದ್ಲು. ಮನಿಗೆ ಬಂದಾಕಿಗೆ ಒಲ್ಲೆ ಅನ್ನೂದು ಹೆಂಗ?"

ವೃಂದಾ ಓಣಿಯವರ ಉತ್ತರಗಳ ಹಾಳೆ ತಿರುವಿದಳು. "ಹಂಗಾದ್ರ ಓಣಿಯವರೆಲ್ಲಾ..."

"ಎಲ್ಲಾರೂ ಮರ್ಯಾದಿ ಮಂದಿನ. ಹೊರಗ ನಿಂತಾರ, ಒಬ್ಬೊಬ್ಬರನ್ನ ಕರೀರಿ." ನೀಲವ್ವ ಕುರ್ಚಿ ಎಳೆದುಕೊಂಡು ಕೂತಳು. "ಇವತ್ತು ಜಾಗಾ ನಿಮ್ದು, ಬಂದಾಕಿ ನಾನು. ಮೊದಲಿನಿಂದ ಕೇಳ್ರಿ."

"ಎಂಟನೇ ಮಹಡಿಗೆ ಹೋಗ್ತೀರೇನ್ರಿ?"

"ಒಲ್ಲೆ."

ವೃಂದಾ ಆ ಉತ್ತರ ದಾಖಲಿಸುತ್ತಲೇ ಪರದೆಯ ಮೇಲಿನ ಮುಖ ನಗುವುದನ್ನು ನಿಲ್ಲಿಸಿತು.