ಆರನೆಯ ಸಹಿ

ಔಷಧಿ ಅಂಗಡಿಯವನು ಪುಸ್ತಕ ಮುಂದಕ್ಕೆ ತಳ್ಳುವ ಮೊದಲೇ ಹೊಲಿಗೆ ಟೀಚರ್ ಪೆನ್ನು ತೆಗೆದಿದ್ದರು. ಬೆಳಗಿನಿಂದ ಇದು ಆರನೆಯ ಅಂಗಡಿ. ಐದು ಕಡೆ ಕೊಂಡ ನೆಗಡಿ ಮಾತ್ರೆಯ ಪಟ್ಟಿಗಳು ಕೈಚೀಲದಲ್ಲಿದ್ದವು.

ಒಬ್ಬರಿಗೆ ತಿಂಗಳಿಗೆ ಒಂದೇ ಪಟ್ಟಿ. ಹೆಸರು, ವಿಳಾಸ, ಸಹಿ ಕಡ್ಡಾಯ. ಈ ಮಾತ್ರೆಯಿಂದ ಮಾದಕ ಪುಡಿ ತಯಾರಿಸುವವರು ಹೆಚ್ಚಿದ ಮೇಲೆ ಬಂದ ಕಾನೂನು. ಮೀರಿದರೆ ಜೈಲು ಎಂದು ಗೋಡೆಯ ಮೇಲೆ ಕೆಂಪಕ್ಷರದಲ್ಲಿತ್ತು. ಟೀಚರ್ ಅದನ್ನು ಎರಡು ಸಲ ಓದಿದರು.

"ಈ ಪುಸ್ತಕ ಪೊಲೀಸರು ನೋಡ್ತಾರೇನಪ್ಪಾ?"

"ನೋಡ್ತಾರೆ ಅಂತಾರೆ. ನಿಮಗ್ಯಾಕಮ್ಮ ಆ ಭಯ? ವಯಸ್ಸಾದೋರು, ಬರೀದೇ ತಗೊಂಡು ಹೋಗಿ."

"ಬೇಡ. ಬರೀತೀನಿ."

ದುಂಡಗೆ ಬರೆದರು. ಸಹಿ ಹಾಕುವಾಗ ಮೊಣಕೈ ತಗುಲಿ ಚೀಲ ವಾಲಿತು. ಐದೂ ಪಟ್ಟಿಗಳು ಜಾರಿ ಅಂಗಡಿಯವನ ಮುಂದೆಯೇ ಬಿದ್ದವು. ಅವನ ಮುಖ ಬಿಗಿಯಿತು.

"ಸ್ವಲ್ಪ ಕೂತ್ಕೊಳ್ಳಿ" ಎಂದವನು ಒಳಗೆ ಹೋಗಿ ಫೋನು ಎತ್ತಿದ. ಬಾಗಿಲು ತೆರೆದೇ ಇತ್ತು. ಟೀಚರ್ ಸ್ಟೂಲಿನ ಮೇಲೆ ಕೂತರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಚೀಲ ಬಿಚ್ಚಿಸಿದ. ಕೊನೆಯ ಅಂಗಡಿಯದೂ ಸೇರಿ ಆರು ಪಟ್ಟಿ, ಒಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು. ತಲೆಯೆತ್ತಿ ನೋಡಿದವನು ಎದ್ದು ನಿಂತ.

"ಟೀಚರ್! ನಮ್ಮಕ್ಕನಿಗೆ ಹೊಲಿಗೆ ಕಲಿಸಿದ್ದು ನೀವೇ ಅಲ್ವಾ? ಎಲ್ಲಿಗಾದ್ರೂ ಹೊರಟಿದ್ರಾ?"

"ಹೊರಡೋಣ ಅಂತಲೇ ಇದ್ದೆ."

"ಇಷ್ಟು ಮಾತ್ರೆ ಯಾರಿಗೆ?"

"ಮಗನಿಗೆ."

"ಏನು ಮಾಡ್ಕೊಂಡಿದ್ದಾನೆ ಮಗ?"

"ಅಡುಗೆ." ಟೀಚರ್ ಮುಂದಕ್ಕೆ ಬಾಗಿದರು. "ಮನೆಯಲ್ಲೇ. ನೀವೇ ಒಂದ್ಸಲ ಬಂದು ನೋಡಿ."

"ಊಟಕ್ಕೆ ಇನ್ನೊಂದು ದಿನ ಬರ್ತೀನಿ ಬಿಡಿ" ಎಂದು ಅವನು ನಕ್ಕ.

ಇನ್ನೊಂದು ಮಾತು ಟೀಚರ ನಾಲಿಗೆಯ ತುದಿಗೆ ಬಂದಿತ್ತು. ಅಲ್ಲೇ ನಿಂತಿತು.

ಅಂಗಡಿಗಳಿಗೆಲ್ಲ ಫೋನು ಮಾಡಿದ್ದ ಪೇದೆ ಒಳಗೆ ಬಂದ. "ಸಾರ್, ಆರು ಕಡೆಯೂ ಅದೇ ಹೆಸರು, ಅದೇ ವಿಳಾಸ."

"ಕಳ್ಳರು ಹಾಗೆ ಬರೀತಾರೇನಯ್ಯಾ? ಮರೆವು, ಪಾಪ. ಬೆಳಿಗ್ಗೆ ತಗೊಂಡಿದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಎಲ್ಲ ಅಂಗಡಿ ಪುಸ್ತಕದಲ್ಲೂ ಇವರ ಹೆಸರು ಹೊಡೆದುಹಾಕ್ಸು. ಇನ್ಮೇಲೆ ಇವರ ವಿಷಯಕ್ಕೆ ನಮಗೆ ಫೋನು ಬೇಡ ಅಂತಲೂ ಹೇಳು."

"ಹೊಡೆದುಹಾಕಬೇಡಿ" ಎಂದು ಟೀಚರ್ ಕೈಮುಗಿದರು. "ತಪ್ಪು ಮಾಡಿದ್ದೀನಿ, ನಿಮ್ಮ ದಮ್ಮಯ್ಯ."

"ಇಂಥ ನಿಯತ್ತು ಈಗೆಲ್ಲಿದೆ ನೋಡು" ಎಂದ ಇನ್‌ಸ್ಪೆಕ್ಟರ್, ಮಾತ್ರೆಗಳನ್ನು ತಾನೇ ಚೀಲಕ್ಕೆ ತುಂಬಿಕೊಟ್ಟ. ಟೀಚರ್ ಬಿಕ್ಕಿ ಬಿಕ್ಕಿ ಅತ್ತರು. ಅವನಿಗೂ ಕಣ್ಣು ತುಂಬಿತು. ಜೀಪಿನಲ್ಲಿ ಬೀದಿಯ ತುದಿಯವರೆಗೆ ಬಿಡಿಸಿದ.

ಬಾಗಿಲು ತೆರೆದ ಮಗ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ. ಹಿಂದಿನ ಕೋಣೆಯ ಘಾಟು ಬಾಗಿಲವರೆಗೂ ಬಂದಿತ್ತು. ಚೀಲ ಕಿತ್ತುಕೊಂಡು ಪಟ್ಟಿಗಳನ್ನು ನೋಡಿದವನ ಮುಖ ಅರಳಿತು.

"ಆರೂ ಸಿಕ್ತಲ್ಲ! ನಾಳೆಯಿಂದ ದಿನಾ ಹೋಗಮ್ಮ. ನಿನ್ನ ಮೇಲೆ ಯಾರಿಗೂ ಅನುಮಾನ ಬರಲ್ಲ. ನಾನು ಹೇಳಿಕೊಟ್ಟ ಹಾಗೆ ಒಂದೊಂದು ಕಡೆ ಒಂದೊಂದು ಸುಳ್ಳು ಹೆಸರು ಬರೆದೆ ತಾನೇ?"

"ಹೂಂ" ಎಂದರು ಟೀಚರ್. ಹೆತ್ತವನನ್ನು ಹಿಡಿದುಕೊಡಲು ಬಾಯಿ ಬಾರದೆ, ಆರು ಕಡೆಯೂ ತಮ್ಮದೇ ಹೆಸರು, ಈ ಮನೆಯದೇ ವಿಳಾಸ ಬರೆದು ಬಂದಿದ್ದರು.