ನಾಣ್ಯಕ್ಕಿಳಿದ ದೊರೆ

ನಾಣ್ಯದ ಮೇಲೆ ಅಚ್ಚಾದಷ್ಟೂ ದೊರೆಯ ನಿಜವಾದ ಮುಖ ಅಳಿಸಿಹೋಗುವುದು ಆ ರಾಜ್ಯದಲ್ಲಿ ಮಾಮೂಲು. ಯುದ್ಧದ ಖರ್ಚಿಗೆ ಕಣ್ಣು, ಮೂಗು ಹೋಗಿದ್ದವು; ನಿನ್ನೆ ಸೈನಿಕರ ಸಂಬಳಕ್ಕೆ ಬಾಯಿಯೂ ಹೋಯಿತು. ಕಿವಿಗಳು ಉಳಿದಿದ್ದವು. ಗಡ್ಡ ಮಾತ್ರ ಹಟದಿಂದ ಬೆಳೆಯುತ್ತಿದ್ದುದರಿಂದ ಕ್ಷೌರಿಕ ಮಲ್ಲಾರಿಯ ಕೆಲಸ ಉಳಿದಿತ್ತು.

"ಇನ್ನು ಅಪ್ಪಣೆ ಕೊಡೋರು ಯಾರು ಬುದ್ಧಿ?" ಎಂದು ಅವನು ದೊರೆಯ ಗಡ್ಡ ಹೆರೆಯುತ್ತಾ ಪಕ್ಕದಲ್ಲಿ ನಿಂತಿದ್ದ ಮಂತ್ರಿಯನ್ನು ಕೇಳಿದ.

"ಪ್ರಭುಗಳೇ ಕಣಯ್ಯಾ. ನಾನು ಬರೀ ಬಾಯಿ," ಎಂದು ಮಂತ್ರಿ ನಕ್ಕು, ಗಂಟಲು ಸರಿಮಾಡಿಕೊಂಡು ಸಾರಿದರು: "ಪ್ರಭುಗಳ ಅಪ್ಪಣೆಯಾಗಿದೆ. ಮುಂದಿನ ನಾಣ್ಯಕ್ಕೆ ಪುಟ್ಟ ಯುವರಾಜರ ಮುಖ."

ದೊರೆಯ ಬಾಯಿ ಇದ್ದ ಜಾಗದ ನುಣುಪು ಚರ್ಮ ಮಲ್ಲಾರಿಯ ಬೆರಳಡಿ ಬಿಗಿದು ಉಬ್ಬಿತು, ಒಳಗಿನಿಂದ ಯಾರೋ ಕೂಗುತ್ತಿರುವ ಹಾಗೆ.

"ಪ್ರಭುಗಳು ಏನಾದರೂ ಅಂದರೇನಯ್ಯಾ?"

"ಇಲ್ಲ ಬುದ್ಧಿ," ಎಂದು ಮಲ್ಲಾರಿ ಆ ಮುಖವನ್ನು ಮೆತ್ತಗೆ ಒರೆಸಿದ.